ಸೀಲ್ ಮರಿಗಳ ಊರಿನಲ್ಲಿ ಒಂದು ಬಾಣಂತನ

ಬೈಕುಲ್ಲಾ

ಪರದೇಶಕ್ಕೆ ಹೋಗಿ ಬಂದವರು ಮೊದಲು ಹೇಳುವುದು ಅಲ್ಲಿಯ ರಸ್ತೆಗಳು ಎಷ್ಟು ಚೊಕ್ಕಟ ಎಂದು. ಚೊಕ್ಕಟವೇ, ಇಲ್ಲ ಎನ್ನುವುದಿಲ್ಲ. ಆದರೆ ನಾನು ರಸ್ತೆ ನೋಡಲು ಹೋದವಳಲ್ಲ. ಮಗಳ ಬಾಣಂತನಕ್ಕೆ ಹೊರಟವಳು.

ನಮ್ಮದು ಗ್ರಾಂಟ್ ರೋಡಿನಲ್ಲಿ ಸಣ್ಣ ಹೋಟೆಲು, ಮನೆ ವಿಕ್ರೋಳಿಯಲ್ಲಿ. ಮೂಲ ಉಡುಪಿ ಕಡೆಯವರು. ಮಗಳು ರಶ್ಮಿ ಪ್ರಾಣಿಗಳ ಡಾಕ್ಟರು. ನೆದರ್ಲ್ಯಾಂಡ್ಸಿನ ಉತ್ತರದ ತುದಿಯಲ್ಲಿ, ಕಡಲ ಬದಿಯ ಒಂದು ಹಳ್ಳಿಯಲ್ಲಿ, ಸೀಲ್ ಎಂಬ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ. ಮೀಸೆಯುಳ್ಳ, ಕಾಲಿನ ಬದಲು ಈಜುರೆಕ್ಕೆಗಳಿರುವ, ನಾಯಿಮುಖದ ಪ್ರಾಣಿ ಅದು. ಸೀಲಿಗೂ ಆಸ್ಪತ್ರೆಯೇ ಎಂದು ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ನಮ್ಮ ಯಜಮಾನರು ಎಷ್ಟೋ ಗಿರಾಕಿಗಳಿಗೆ ನಗುತ್ತ ಹೇಳಿದ್ದುಂಟು.

ಏಳನೇ ತಿಂಗಳಿನಲ್ಲಿ ಕೂಸಿನ ಹೃದಯ ಸರಿಯಾಗಿ ಕೂಡಿಬಂದಿಲ್ಲವೆಂದು ಗೊತ್ತಾಗಿತ್ತು. ಹುಟ್ಟಿದ ಮೇಲೆ ಆಪರೇಷನ್ ಮಾಡಬಹುದು ಎಂದಿದ್ದರು. ನಾನು ದೇವರಿಗೆ ಹೇಳಿಕೊಂಡು ಪೆಟ್ಟಿಗೆ ಕಟ್ಟಿದೆ. ಓಮ, ಶುಂಠಿ, ಲೇಹ್ಯ, ಮೆತ್ತಗಾದ ಹಳೇ ಸೀರೆಯ ತುಂಡುಗಳು, ಅತ್ತಿಗೆ ಹೊಲಿದುಕೊಟ್ಟ ಕುಂಚಿಗೆ. ಅಷ್ಟರಲ್ಲಿ ಅಳಿಯ ನಿತಿನನ ಫೋನ್ ಬಂತು. ವಿಕ್ರೋಳಿಯಲ್ಲೇ ಬೆಳೆದ ಮರಾಠಿ ಹುಡುಗ, ನನ್ನನ್ನು ಆಯಿ ಎನ್ನುತ್ತಾನೆ.

“ಆಯಿ, ಬೇಬಿ ನಹೀ ರಹೀ,” ಎಂದ. ಕೂಸು ಉಳಿಯಲಿಲ್ಲವಂತೆ. ಹೊಟ್ಟೆಯಲ್ಲಿದ್ದಾಗಲೇ ಹೃದಯ ನಿಂತಿತ್ತು. ಹೆಣ್ಣು ಕೂಸು.

ವೀಸಾ ಕೈಯಲ್ಲಿತ್ತು. ಟಿಕೆಟಿನ ತಾರೀಕು ಬದಲಿಸಿ ಬೇಗ ಹೊರಡುವ ಹಾಗೆ ಮಾಡಿದೆವು. ಪೆಟ್ಟಿಗೆಯಿಂದ ಕುಂಚಿಗೆಯನ್ನು ಮಾತ್ರ ತೆಗೆದಿಟ್ಟೆ, ಉಳಿದದ್ದೆಲ್ಲ ಹಾಗೇ ಇರಲಿ ಎಂದೆ. ಅತ್ತಿಗೆ, “ಇನ್ನು ಓಮ, ಶುಂಠಿ ಎಂತಕ್ಕೆ?” ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಕೂಸಿಲ್ಲದಿದ್ದರೂ ಹೆತ್ತವಳು ಬಾಣಂತಿಯೇ ಅಲ್ಲವಾ? ಅವಳ ಸೊಂಟ ನೋಯುವುದಿಲ್ಲವಾ? ಎದೆಯಲ್ಲಿ ಹಾಲು ಬರುವುದಿಲ್ಲವಾ?

ಆ ಹಾಲಿನ ಯೋಚನೆಯೇ ನನಗೆ ದೊಡ್ಡದಾಗಿತ್ತು. ಕುಡಿಯುವ ಬಾಯಿ ಇಲ್ಲದೆ ಹಾಲು ಕಟ್ಟಿಕೊಂಡರೆ ಏನು ನೋವೆಂದು ಹೆತ್ತವರಿಗೇ ಗೊತ್ತು. ನಮ್ಮ ಊರಿನ ಕಡೆ ಅಂಥ ತಾಯಂದಿರ ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಹಾಲು ಮೆಲ್ಲಗೆ ಬತ್ತುತ್ತದೆ. ಹೊರಡುವ ದಿನ ಬೈಕುಲ್ಲಾದಲ್ಲಿ ಇಳಿದು ನನ್ನ ಹಳೇ ಗುರ್ತಿನ ಹೂ ಮಾರುವ ಹೆಂಗಸಿನ ಹತ್ತಿರ ಹೋದೆ. ಮೊದಲು ನಾವು ಅಲ್ಲೇ ಒಂದು ಚಾಳಿನಲ್ಲಿದ್ದವರು. ಅವಳು “ಗಜರಾ ಕರೂ ಕಾ?” ಎಂದು ಮಾಲೆ ಕಟ್ಟಲು ದಾರ ತೆಗೆದಳು. ಬೇಡ, ಬಿಡಿ ಮೊಗ್ಗು ಕೊಡು ಎಂದೆ. ಯಾರ ಮದುವೆ ಎಂದು ಕೇಳಿದಳು. ನಾನು ದುಡ್ಡು ಕೊಟ್ಟು ಬಾಳೆಲೆಯ ಪೊಟ್ಟಣ ತೆಗೆದುಕೊಂಡು ಬಂದೆ.

ಹೂವಿನ ದೇಶದ ಬಾಗಿಲು

ಇಡೀ ಜಗತ್ತಿಗೆ ಹೂವು ಮಾರುವ ದೇಶವಂತೆ ಅದು. ಏರ್‌ಪೋರ್ಟಿನಲ್ಲೇ ಟುಲಿಪ್ಪಿನ ಗಡ್ಡೆಗಳ ಅಂಗಡಿ. ಆದರೆ ನನ್ನ ಒಂದು ಪೊಟ್ಟಣ ಮಲ್ಲಿಗೆ ಅವರಿಗೆ ಬೇಡವಾಯಿತು.

ಕೈಗವಸು ಹಾಕಿದ ಒಬ್ಬಳು ಹುಡುಗಿ ಪೆಟ್ಟಿಗೆ ತೆರೆಸಿದಳು. ಓಮವನ್ನು ಮೂಸಿದಳು, ಲೇಹ್ಯದ ಡಬ್ಬಿ ಅಲ್ಲಾಡಿಸಿದಳು, ಎಲ್ಲ ಬಿಟ್ಟಳು. ಬಾಳೆಲೆ ಬಿಚ್ಚಿದ ಕೂಡಲೇ ಮಲ್ಲಿಗೆಯ ಪರಿಮಳ ಆ ಹಾಲ್ ತುಂಬ ಹರಡಿತು. ಹಿಂದೆ ನಿಂತಿದ್ದ ಗಂಡಸೊಬ್ಬ ತಿರುಗಿ ನೋಡಿದ. ಹುಡುಗಿ ಕಣ್ಣರಳಿಸಿ, “ಫಾರ್ ಗಾಡ್?” ಎಂದು ಕೇಳಿದಳು. ಹೌದೆಂದೆ. ಇನ್ನೇನು ಹೇಳಲಿ? ನನ್ನ ಮಗಳ ಹಾಲು ಬತ್ತಿಸಲಿಕ್ಕೆ ಎಂದು ಇಂಗ್ಲಿಷಿನಲ್ಲಿ ಹೇಳುವಷ್ಟು ಮಾತು ನನ್ನಲ್ಲಿರಲಿಲ್ಲ.

ಹೂವು, ಎಲೆ ಯಾವುದೂ ಕಾಗದವಿಲ್ಲದೆ ಒಳಗೆ ಬರುವ ಹಾಗಿಲ್ಲವಂತೆ, ಹುಳು ಬರುತ್ತದಂತೆ. ಹುಡುಗಿ ಪಾಪ ಎರಡು ಸಲ ಸಾರಿ ಎಂದಳು. ಆಮೇಲೆ ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿದಳು. ಎಸೆಯಲಿಲ್ಲ, ಬಗ್ಗಿ ಇಟ್ಟಳು. ಆದರೂ ಕಸದ ಡಬ್ಬಿ ಕಸದ ಡಬ್ಬಿಯೇ. ನಿಮ್ಮ ಹುಳುವಿಗೆ ಬೆಂಕಿ ಬೀಳಲಿ ಎಂದು ನಾನು ಕನ್ನಡದಲ್ಲೇ ಗೊಣಗಿದೆ. ಹೊರಗೆ ಕಾಯುತ್ತಿದ್ದ ನಿತಿನ್ ನನ್ನ ಕಾಲಿಗೆ ಬಗ್ಗಿದಾಗ ಅವನ ಬೆನ್ನಿನ ಮೇಲೆ ಕೈಯಿಟ್ಟು ಅತ್ತುಬಿಟ್ಟೆ.

ಪರದೆಯಿಲ್ಲದ ಕಿಟಕಿಗಳ ಊರು

ರೈಲು, ಬಸ್ಸು ಎಲ್ಲ ಮುಗಿದು ಊರು ಮುಟ್ಟಿದೆವು. ಆ ಊರಿನ ಕಿಟಕಿಗಳಿಗೆ ಪರದೆಯೇ ಇಲ್ಲ. ಬೀದಿಯಲ್ಲಿ ನಡೆದರೆ ಯಾರ ಮನೆಯಲ್ಲಿ ಯಾರು ಏನು ತಿನ್ನುತ್ತಿದ್ದಾರೆ ಎಂದು ಕಾಣುತ್ತದೆ. ನಮ್ಮ ಚಾಳಿನಲ್ಲೂ ಹೀಗೇ ಕಾಣುತ್ತಿತ್ತು, ಆದರೆ ನಾವು ನೋಡುತ್ತಿದ್ದೆವು. ಇವರು ನೋಡುವುದಿಲ್ಲ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾರೆ. ನಮ್ಮ ಹೋಟೆಲಿನಲ್ಲಿ ಹಾಗೆ ಮಾಡಿದರೆ ಗಿರಾಕಿ ಮರುದಿನ ಎದುರಿನ ಹೋಟೆಲಿಗೆ ಹೋಗುತ್ತಾನೆ.

ಊರಿನಾಚೆ ಉದ್ದಕ್ಕೂ ಹುಲ್ಲು ಬೆಳೆದ ಮಣ್ಣಿನ ಕಟ್ಟೆ. ಅದರಾಚೆ ಕಡಲು. ನಾನು ನೋಡಿದಾಗ ಕಡಲೇ ಇರಲಿಲ್ಲ, ಇಳಿತದಲ್ಲಿ ನೀರೆಲ್ಲ ದೂರ ಹೋಗಿ ಬರೀ ಕಪ್ಪು ಕೆಸರು. ನಮ್ಮ ವಿಕ್ರೋಳಿಯ ಹಿನ್ನೀರಿನ ಖಾಡಿಯೇ ಅಂದುಕೊಳ್ಳಿ, ಆದರೆ ಪ್ಲಾಸ್ಟಿಕ್ ಒಂದಿಲ್ಲ, ವಾಸನೆಯೂ ಇಲ್ಲ. ನೋಡಲು ತೊಳೆದಿಟ್ಟ ಹಾಗಿತ್ತು.

ಬಾಗಿಲು ತೆರೆದವಳು ರಶ್ಮಿಯೇ. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಳು.

“ಬಾ ಅಮ್ಮ. ಫ್ಲೈಟ್ ಠೀಕ್ ಇತ್ತಾ? ಊಟ ಕೊಟ್ಟ್ರಾ?”

ಅಷ್ಟೇ. ನಾನು ತಬ್ಬಿಕೊಂಡೆ. ಅವಳು ಹಲ್ಲು ಕಚ್ಚಿ ಹಿಂದೆ ಸರಿದಳು. ಎದೆ ಕಲ್ಲಾಗಿತ್ತು. ಮೈ ಸುಡುತ್ತಿತ್ತು.

ಹಾಲು ನಿಲ್ಲುವ ಮಾತ್ರೆಯನ್ನು ಆಸ್ಪತ್ರೆಯಲ್ಲೇ ಕೊಟ್ಟಿದ್ದರಂತೆ. ಅವಳು ನುಂಗಿರಲಿಲ್ಲ. ಅಲ್ಲಿ ಹೆತ್ತವಳ ಮನೆಗೆ ದಿನವೂ ಒಬ್ಬ ನರ್ಸಮ್ಮ ಬರುವ ಪದ್ಧತಿ ಉಂಟು, ಕೂಸು ಉಳಿಯದಿದ್ದರೂ ಬರುತ್ತಾಳೆ. ರಶ್ಮಿ ಅವಳಿಗೂ ಕಾಫಿ ಕೊಟ್ಟು, ಎಲ್ಲ ಸರಿಯಿದೆ ಎಂದು ಕಳಿಸಿದ್ದಳು. ನಿತಿನ್ ಅಡುಗೆಮನೆಯಲ್ಲಿ ನನಗೆ ಪಿಸುಗುಟ್ಟಿದ: “ಆಯಿ, ವೋ ರೋಯೀ ಭೀ ನಹೀ.” ಮಣ್ಣು ಮಾಡುವಾಗಲೂ ಅತ್ತಿರಲಿಲ್ಲವಂತೆ.

“ಮಾತ್ರೆ ಯಾಕೆ ತೆಕ್ಕೊಳ್ಳಿಲ್ಲ ಮಾರಾಯ್ತಿ?” ಎಂದು ಕೇಳಿದೆ.

“ಹಾಲು ಬಂದಿದೆ. ಇರ್ಲಿ ಬಿಡು.”

ಬಿಸಿನೀರು ಕಾಯಿಸಿ ಎಣ್ಣೆ ಹಚ್ಚುತ್ತೇನೆ ಎಂದರೆ ಬೇಡ. ಬಟ್ಟೆ ಕಟ್ಟುತ್ತೇನೆ ಎಂದರೆ ಬೇಡ. ನಾನು ಇಷ್ಟು ದೂರ ಬಂದದ್ದು ಸೋಫಾದ ಮೇಲೆ ಕೂರಲಿಕ್ಕಾ? ಅವಳನ್ನು ಅಳಿಸಬೇಕು, ಆ ಹಾಲು ಬತ್ತಿಸಬೇಕು. ಅದಿಲ್ಲದೆ ಊರಿಗೆ ಹಿಂದಿರುಗುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಅಳುವ ಮರಿಗಳ ಆಸ್ಪತ್ರೆ

ರಜೆಯಲ್ಲಿದ್ದರೂ ಅವಳು ದಿನಾ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಬಾಣಂತಿ ಹೊಸಿಲು ದಾಟಬಾರದು ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. “ಹಾಗಾದ್ರೆ ನೀನೂ ಬಾ,” ಎಂದಳು. ತಲೆಗೆ ಸ್ಕಾರ್ಫ್ ಸುತ್ತಿ, ಕಿವಿಗೆ ಹತ್ತಿ ಇಟ್ಟು ನಾನೂ ಹೊರಟೆ. ಅವಳಿಗೂ ಇಟ್ಟೆ. ಬಾಗಿಲು ದಾಟಿದೊಡನೆ ತೆಗೆದು ಜೇಬಿಗೆ ಹಾಕಿದಳು.

ಒಳಗೆ ಹೋದರೆ ಕೂಸುಗಳ ಅಳು. ನಾನು ಕಿವಿಯ ಹತ್ತಿ ತೆಗೆದು ಕೇಳಿದೆ. ನಮ್ಮ ಹೆರಿಗೆ ವಾರ್ಡಿನಲ್ಲಿ ಕೇಳುವ ಅದೇ ಅಳು. ಟೈಲ್ಸ್ ಹಾಕಿದ ಸಣ್ಣ ಸಣ್ಣ ಕೋಣೆಗಳಲ್ಲಿ ತಾಯಿ ತಪ್ಪಿದ ಸೀಲ್ ಮರಿಗಳು ಮಲಗಿದ್ದವು. ಬೂದು ಮೈ, ಕರಿ ಕಣ್ಣು. ಇಂಥ ಮರಿಗಳಿಗೆ ಆ ಭಾಷೆಯಲ್ಲಿ ‘ಅಳುವವು’ ಎಂದೇ ಹೆಸರಂತೆ.

ರಶ್ಮಿ ಒಂದು ಕೋಣೆಯ ಗಾಜಿನ ಮುಂದೆ ನಿಂತಳು. ಆ ಮರಿಯ ಒಂದು ಈಜುರೆಕ್ಕೆ ಮೊಂಡಾಗಿತ್ತು, ಬೆರಳುಗಳೇ ಮೂಡಿರಲಿಲ್ಲ. ಅಂಗುಳ ಸೀಳಿತ್ತು. ಕುಡಿದ ಹಾಲು ಮೂಗಿನಿಂದ ಬರುತ್ತದೆಂದು ನಳಿಗೆಯಲ್ಲಿ ಹೊಟ್ಟೆಗೇ ಬಿಡುತ್ತಿದ್ದರು. ಹುಟ್ಟುತ್ತಲೇ ಬಂದ ದೋಷ.

“ಇದು ಯಾಕೆ ಹೀಗೆ ಹುಟ್ಟಿತು?” ಎಂದೆ.

“ಗೊತ್ತಿಲ್ಲ ಅಮ್ಮ. ಇಂಥವು ಆಗಾಗ ಸಿಗ್ತವೆ. ಒಂದಕ್ಕೆ ಕಣ್ಣೇ ಇರ್ಲಿಲ್ಲ. ಒಂದಕ್ಕೆ ಹಾರ್ಟಲ್ಲಿ…” ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ಡಾಕ್ಟರರ ದನಿಯಲ್ಲಿ ಹೇಳತೊಡಗಿದಳು. ಅವಳ ಕನ್ನಡ ಅರ್ಧ, ಹಿಂದಿ ಇಂಗ್ಲಿಷ್ ಅರ್ಧ. ನನಗೆ ತಿಳಿದಂತೆ ಬರೆಯುತ್ತೇನೆ.

ಹಿಂದೆ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಎಣ್ಣೆಯಂಥ ಕೆಲವು ರಾಸಾಯನಿಕಗಳು ನದಿ ಹಿಡಿದು ಕಡಲಿಗೆ ಬಂದವಂತೆ. ಈಗ ಅವನ್ನು ತಯಾರಿಸುವುದೇ ನಿಷೇಧ. ಆದರೂ ಹೋಗಿಲ್ಲ, ನಾನು ಚೊಕ್ಕಟವೆಂದುಕೊಂಡ ಆ ಕೆಸರಿನಲ್ಲೇ ಇವೆ. ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಸೀಲಿಗೆ. ಸೀಲಿನ ಕೊಬ್ಬಿನಲ್ಲಿ ಒಮ್ಮೆ ಕೂತರೆ ಏಳುವುದಿಲ್ಲ. ತಾಯಿ ಮರಿ ಹಾಕಿದಾಗ ಆ ಕೊಬ್ಬೇ ಕರಗಿ ಹಾಲಾಗುತ್ತದೆ.

“ಮೊದ್ಲಿನ ಮರಿಗೇ ಜಾಸ್ತಿ ಹೋಗುದು ಅಮ್ಮ. ತಾಯಿ ಅಷ್ಟು ವರ್ಷ ಜಮಾ ಮಾಡಿದ್ದೆಲ್ಲ ಫಸ್ಟ್ ಬೇಬಿಗೆ. ಹೊಟ್ಟೇಲಿದ್ದಾಗ್ಲೂ ಸ್ವಲ್ಪ ಹೋಗ್ತದೆ.”

“ಹಾಗಾದ್ರೆ ಇದಕ್ಕೆ ಅದೇ ಕಾರಣವಾ?”

“ಇರ್ಬಹುದು. ಪಕ್ಕಾ ಅಂತ ಯಾರೂ ಹೇಳ್ಲಿಕ್ಕಾಗುದಿಲ್ಲ. ವೈರಸ್ ಇರ್ಬಹುದು. ರಕ್ತದಲ್ಲೇ ಬಂದದ್ದಿರ್ಬಹುದು. ಏನೂ ಇಲ್ದೆ ಹಾಗೇ ಆಗಿರ್ಬಹುದು. ಸತ್ತ ಮರೀನ ಕತ್ತರಿಸಿ ನೋಡ್ತೇವೆ, ಕೊಬ್ಬು ಟೆಸ್ಟಿಗೆ ಕಳಿಸ್ತೇವೆ. ಆದ್ರೂ ಎಷ್ಟೋ ಸಲ ಗೊತ್ತಾಗುದಿಲ್ಲ.”

ರಶ್ಮಿ ನನ್ನ ಮೊದಲ ಕೂಸು. ಅವಳಿಗೆ ಹಾಲೂಡಿದ್ದು ಬೈಕುಲ್ಲಾದ ಚಾಳಿನಲ್ಲಿ. ಕೆಳಗೆ ನಲ್ಲಿಗಳಿಗೆ ಹೊಳಪು ಕೊಡುವ ವರ್ಕ್‌ಶಾಪು, ಆಸಿಡ್ಡಿನ ಹೊಗೆ ನೇರ ನಮ್ಮ ಕಿಟಕಿಗೆ. ಒಗೆದು ಹಾಕಿದ ಬಟ್ಟೆಯೂ ಹುಳಿ ಹುಳಿ ವಾಸನೆ. ಅದೇ ಕಿಟಕಿಯ ಹತ್ತಿರ, ಗಾಳಿ ಬರಲಿ ಎಂದು ಕೂತು, ನಾನು ಅವಳಿಗೆ ಹಾಲು ಕುಡಿಸುತ್ತಿದ್ದೆ. ಯಾರಿಗೆ ಗೊತ್ತಿತ್ತು? ಗಾಳಿ ಅಂದರೆ ಗಾಳಿ ಅಂದುಕೊಂಡಿದ್ದೆವು.

“ನನ್ನ ಹಾಲಿನಿಂದ್ಲೇ ನಿನಗೆ ಎಂತಾದ್ರೂ ಬಂತಾ ರಶ್ಮಿ? ನಿನ್ನಿಂದ ಕೂಸಿಗೆ?”

“ಅಮ್ಮ, ಪ್ಲೀಸ್. ಹಾಗೆ ಲೈನ್ ಎಳೀಬೇಡ.”

“ನೀನು ಎಳೀತಾ ಇಲ್ವಾ?”

ಅಷ್ಟರಲ್ಲಿ ಆ ಮರಿ ತಲೆಯೆತ್ತಿ ಕೂಗಿತು. ಆಚೀಚೆಯ ಕೋಣೆಯವೂ ಕೂಗಿದವು. ರಶ್ಮಿಯ ಇಸ್ತ್ರಿ ಅಂಗಿಯ ಮುಂಭಾಗ ನನ್ನ ಕಣ್ಣೆದುರೇ ಒದ್ದೆಯಾಯಿತು. ಸೀಲ್ ಮರಿಯ ಅಳುವಿಗೆ ಅವಳ ಹಾಲು ಇಳಿದಿತ್ತು. ಅವಳು ಎರಡು ಕೈಯನ್ನೂ ಎದೆಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು. ನಾನು ಶಾಲು ತೆಗೆದು ಹೊದೆಸಿದೆ. ಅಯ್ಯೋ ದೇವರೇ, ಇಂಥದ್ದನ್ನು ತಾಯಿಯಾದವಳು ನೋಡಬಾರದು.

ಎರಡು ಕ್ಯಾಬೇಜು

ಅಂದು ಸಂಜೆ ಜ್ವರ ಏರಿತು. ಮಾರನೇ ದಿನ ಅವಳು ಮಲಗಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಆನ್ನೆಕೆ, ನನ್ನದೇ ಪ್ರಾಯದ ಹೆಂಗಸು. ಸೀಲ್ ಆಸ್ಪತ್ರೆಯಲ್ಲಿ ನೆಲ ತೊಳೆಯಲು ಸಂಬಳವಿಲ್ಲದೆ ಹೋಗುತ್ತಾಳೆ. ಇಂಗ್ಲಿಷು ಅವಳಿಗೂ ನನ್ನಷ್ಟೇ. ಕೈಯಲ್ಲೊಂದು ಪಿಂಗಾಣಿ ಬೋಗುಣಿ, ಅದರಲ್ಲಿ ಫ್ರಿಜ್ಜಿನಿಂದ ತೆಗೆದ ಎರಡು ತಣ್ಣನೆ ಕ್ಯಾಬೇಜು. ಅದೇನೋ ಹೇಳಿ, ರಶ್ಮಿಯ ಕೋಣೆ ತೋರಿಸಿ, ತನ್ನ ಎದೆಯನ್ನು ಎರಡೂ ಕಡೆ ಮೆಲ್ಲಗೆ ತಟ್ಟಿಕೊಂಡಳು.

ಮನಸಾರೆ ಕೊಡುತ್ತಿದ್ದೇನೆ ಎನ್ನುತ್ತಿದ್ದಾಳೆ ಎಂದುಕೊಂಡೆ. ನಾನೂ ಎದೆಗೆ ಕೈಯಿಟ್ಟು ಬಗ್ಗಿದೆ. ಅವಳು ಹೋದ ಮೇಲೆ ನನಗೆ ತಲೆಬಿಸಿ. ಬಾಣಂತಿ ಇರುವ ಮನೆಗೆ ಯಾರಾದರೂ ಕ್ಯಾಬೇಜು ಕೊಡುತ್ತಾರಾ? ವಾಯು ಅಲ್ಲವಾ? ಏನೂ ಗೊತ್ತಿಲ್ಲದ ಜನ ಎಂದು ಬೈದುಕೊಂಡೆ. ಆದರೆ ತರಕಾರಿ ಬಿಸಾಡುವ ಅಭ್ಯಾಸ ಹೋಟೆಲಿನವರಿಗಿಲ್ಲ. ಒಂದನ್ನು ಸಣ್ಣಗೆ ಹೆಚ್ಚಿ, ಸಾಸಿವೆ ಉದ್ದಿನಬೇಳೆ ಒಗ್ಗರಣೆ ಹಾಕಿ, ತಂದಿದ್ದ ಒಣ ಕಾಯಿತುರಿ ಸೇರಿಸಿ ಪಲ್ಯ ಮಾಡಿದೆ. ನಿತಿನನಿಗೆ ಸ್ವಲ್ಪ ಎತ್ತಿಟ್ಟೆ. ಇನ್ನು ಆ ಬೋಗುಣಿ. ಯಾರ ಪಾತ್ರೆಯನ್ನೂ ನಾವು ಖಾಲಿ ಹಿಂದಿರುಗಿಸುವುದಿಲ್ಲ. ಪಲ್ಯವನ್ನೇ ತುಂಬಿ ಆನ್ನೆಕೆಯ ಮನೆಗೆ ಕೊಟ್ಟು ಬಂದೆ.

ಅವಳು ಮುಚ್ಚಳ ತೆಗೆದು ನೋಡಿದಳು. ಪಲ್ಯವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಎಳೆದುಕೊಂಡು ನಮ್ಮ ಅಡುಗೆಮನೆಗೇ ಬಂದಳು. ಉಳಿದಿದ್ದ ಕ್ಯಾಬೇಜಿನ ಒಂದು ದೊಡ್ಡ ಎಲೆ ಬಿಡಿಸಿ, ನಡುವಿನ ದಂಟು ಕೊಯ್ದು, ಲಟ್ಟಣಿಗೆಯಿಂದ ಒಮ್ಮೆ ಉರುಳಿಸಿ, ಸ್ವೆಟರಿನ ಮೇಲೆಯೇ ತನ್ನ ಎದೆಗೆ ಒತ್ತಿ ಹಿಡಿದಳು. “ಮಿಲ್ಕ್,” ಎಂದಳು. “ಮಿಲ್ಕ್… ಗೋ.”

ನನಗೆ ಆಗ ಅರ್ಥವಾಯಿತು. ನಮಗೆ ಮಲ್ಲಿಗೆ, ಅವರಿಗೆ ಕ್ಯಾಬೇಜು. ನಾನು ಅಲ್ಲೇ ಹಣೆ ಚಚ್ಚಿಕೊಂಡೆ.

ಗಲಾಟೆ ಕೇಳಿ ರಶ್ಮಿ ಬಾಗಿಲಲ್ಲಿ ಬಂದು ನಿಂತಿದ್ದಳು. ಬಾಣಲೆ ನೋಡಿದಳು, ಎಲೆ ಹಿಡಿದ ಆನ್ನೆಕೆಯನ್ನು ನೋಡಿದಳು.

“ಅಮ್ಮ, ನೀನು ನನ್ನ ಟ್ರೀಟ್‌ಮೆಂಟಿಗೆ ಒಗ್ಗರಣೆ ಹಾಕಿಬಿಟ್ಯಾ?”

ಎಂದು ನಕ್ಕಳು. ನಕ್ಕದ್ದಕ್ಕೆ ಎದೆ ನೋಯಿತು, ಎದೆ ಹಿಡಿದುಕೊಂಡೇ ಮತ್ತೆ ನಕ್ಕಳು. ಆನ್ನೆಕೆ ಬಾಣಲೆಯಿಂದ ಒಂದು ಚಮಚ ಪಲ್ಯ ತಿಂದು ಹೆಬ್ಬೆರಳು ಎತ್ತಿದಳು. ಅವಳು ಹೋದ ಮೇಲೆ ರಶ್ಮಿ ತಾನಾಗಿಯೇ ಅಂಗಿ ಬಿಚ್ಚಿ ನನ್ನ ಮುಂದೆ ಕೂತಳು, ಚಿಕ್ಕವಳಿದ್ದಾಗ ಎಣ್ಣೆ ಹಚ್ಚಲು ಕೂರುತ್ತಿದ್ದ ಹಾಗೆ. ತಣ್ಣನೆ ಎಲೆಗಳನ್ನಿಟ್ಟು, ಮೇಲಿಂದ ನನ್ನ ಹಳೇ ಸೀರೆಯ ತುಂಡು ಸುತ್ತಿ ಕಟ್ಟಿದೆ. ಕೂಸಿಗೆಂದು ತಂದ ಬಟ್ಟೆ ಅದು ಎಂದು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಾಗಿತ್ತು ಅನ್ನಿಸುತ್ತದೆ, ಅಂಚನ್ನು ಬೆರಳಿನಿಂದ ಸವರುತ್ತಿದ್ದಳು.

“ಈ ಹಾಲಲ್ಲಿ ಎಂತ ಉಂಟು ಅಂತ ಟೆಸ್ಟ್ ಮಾಡಿಸ್ಬೇಕು ಅಂತಿದ್ದೆ,” ಎಂದಳು. “ಅದಕ್ಕೇ ಮಾತ್ರೆ ತೆಕ್ಕೊಳ್ಳಿಲ್ಲ.”

“ಈಗ?”

“ಈಗ ಹೋಗ್ಲಿ.”

ಮೂರು ಹೊತ್ತೂ ಎಲೆ ಬದಲಿಸಿದೆ. ಡಾಕ್ಟರು ಕೊಟ್ಟ ಜ್ವರದ ಮಾತ್ರೆಯನ್ನೂ ನುಂಗಿದಳು. ದಿನ ಕಳೆದಂತೆ ಎದೆ ಮೆತ್ತಗಾಯಿತು, ಬಿಸಿಲು ಬಿದ್ದ ಒಂದು ಬೆಳಿಗ್ಗೆ ನಾನು ಬಟ್ಟೆ ಬಿಚ್ಚಿದಾಗ ಅದು ಒಣಗಿತ್ತು. ನನ್ನ ಕೆಲಸ ಅರ್ಧ ಆಯಿತು. ಕಣ್ಣು ಮಾತ್ರ ಅವಳದ್ದು ಮೊದಲಿನಿಂದಲೂ ಒಣಗಿಯೇ ಇತ್ತು.

ಕಟ್ಟೆಯ ಮೇಲೆ

ಆ ಮರಿಯ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಬಂತು. ಬಾಯಿ, ಕೈ ಮಾತ್ರವಲ್ಲ, ಹೃದಯವೂ ಸರಿಯಿರಲಿಲ್ಲ. ಕಡಲಿಗೆ ಬಿಟ್ಟರೆ ಬದುಕುವುದಿಲ್ಲ, ಇಟ್ಟುಕೊಂಡರೆ ನರಳುತ್ತದೆ. ಅಲ್ಲಿಯ ಕ್ರಮದಂತೆ ಅದನ್ನು ಇಂಜೆಕ್ಷನ್ ಕೊಟ್ಟು ಮಲಗಿಸಬೇಕು. ರಶ್ಮಿಗೆ ಬರಬೇಡ ಎಂದು ಅವಳ ಜೊತೆಯವರು ಫೋನಿನಲ್ಲಿ ಹೇಳಿದರಂತೆ. ಅವಳು ಹೋದಳು. ನಾನೂ ಹೋದೆ, ಆದರೆ ಬಾಗಿಲ ಹೊರಗೆ ನಿಂತೆ.

ಗಾಜಿನಲ್ಲಿ ಕಾಣುತ್ತಿತ್ತು. ಅವಳು ನೆಲದ ಮೇಲೆ ಕೂತು ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಇನ್ನೊಬ್ಬ ಡಾಕ್ಟರು ಸೂಜಿ ಹಾಕಿದರು. ಮರಿ ಅಳುತ್ತಿದ್ದದ್ದು ನಿಂತಿತು. ಅದರ ಮೂಗಿನ ಹೊಳ್ಳೆಗಳು ಒಮ್ಮೆ ಅಗಲವಾಗಿ, ಮುಚ್ಚಿಕೊಂಡವು. ಅವಳು ಬಹಳ ಹೊತ್ತು ಹಾಗೇ ಕೂತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಕಟ್ಟೆ ಹತ್ತಿ ಹುಲ್ಲಿನ ಮೇಲೆ ಕೂತೆವು. ಕಡಲು ತುಂಬಿ ಬಂದಿತ್ತು. ದೂರದ ಮರಳದಿಬ್ಬದ ಮೇಲೆ ದೊಡ್ಡ ಸೀಲ್‌ಗಳು ಬಿಸಿಲು ಕಾಯುತ್ತಿದ್ದವು. ಅವುಗಳಲ್ಲಿ ಯಾವುದು ಆ ಮರಿಯ ತಾಯಿಯೋ.

“ನಾಳೆ ಅದನ್ನ ಓಪನ್ ಮಾಡ್ತಾರೆ,” ಎಂದಳು ರಶ್ಮಿ. “ಕಾರಣ ನೋಡ್ಲಿಕ್ಕೆ. ನಾನೇ ಎಲ್ಲರಿಗೂ ಹೇಳುದು, ಒಂದನ್ನೂ ಹಾಗೇ ಮಣ್ಣು ಮಾಡ್ಬೇಡಿ, ಕತ್ತರಿಸಿ ನೋಡಿ ಅಂತ. ಇಲ್ದಿದ್ರೆ ಯಾವತ್ತೂ ಗೊತ್ತಾಗುದಿಲ್ಲ ಅಂತ.”

ನಾನು ಹೂಂ ಎಂದೆ.

“ಆಸ್ಪತ್ರೇಲಿ ನನ್ನ ಹತ್ರಾನೂ ಕೇಳಿದ್ರು ಅಮ್ಮ. ಪೋಸ್ಟ್‌ಮಾರ್ಟಮ್ ಮಾಡ್ಬಹುದಾ, ಕಾರಣ ಗೊತ್ತಾಗ್ಬಹುದು ಅಂತ. ನಾನು ಬೇಡ ಅಂದೆ.” ಹುಲ್ಲಿನ ಎಳೆ ಕಿತ್ತು ಎಸೆದಳು. “ನಿತಿನ್ ಮಾಡ್ಸುವ ಅಂದ. ನಾನು ಬೇಡ ಅಂತ ಕಿರುಚಿದೆ. ಎಷ್ಟು ಮರಿ ಕತ್ತರಿಸಿದ್ದೇನೆ ಈ ಕೈಯಲ್ಲಿ. ನನ್ನದನ್ನ ಮಾತ್ರ ಬಿಟ್ಟೆ. ಈಗ ಗಾಳಿಯೋ, ನೀರೋ, ನನ್ನ ರಕ್ತವೋ, ಯಾವತ್ತೂ ಗೊತ್ತಾಗುದಿಲ್ಲ. ಎಂಥಾ ಡಾಕ್ಟರ್ ನಾನು?”

“ನಾನಾದ್ರೂ ಬೇಡ ಅಂತಿದ್ದೆ,” ಎಂದೆ.

“ನೀನು ಯಾಕೆ?”

ನನಗೆ ಹೇಳಲು ನಾಚಿಕೆಯಾಯಿತು. ಓದಿದ ಮಗಳು ನಗಬಹುದು ಎಂದುಕೊಂಡೆ. ಆದರೂ ಹೇಳಿದೆ.

“ಕೂಸಿಗೆ ನೋವಾಗ್ತದೆ ಅಂತ.”

ಅವಳು ನನ್ನನ್ನೇ ನೋಡಿದಳು. “ಸತ್ತವರಿಗೆ ನೋವಾಗುದಿಲ್ಲ ಅಮ್ಮ.”

“ಗೊತ್ತುಂಟು ಮಾರಾಯ್ತಿ.”

“ನನಗೂ ಗೊತ್ತು,” ಎಂದಳು. “ನಾನೂ ಅದಕ್ಕೇ ಬೇಡ ಅಂದದ್ದು. ನೋವಾಗ್ತದೆ ಅಂತ.”

ಹಾಗೆಂದು ನನ್ನ ಮಡಿಲಿಗೆ ಮುಖ ಹಾಕಿ ಅತ್ತಳು. ಗಂಟಲು ಬಿಟ್ಟು, ಮೈಯೆಲ್ಲ ನಡುಗಿಸಿಕೊಂಡು ಅತ್ತಳು. ಕಟ್ಟೆಯ ಕೆಳಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನಾನು ಸಮಾಧಾನ ಹೇಳಲಿಲ್ಲ, ಸಾಕು ಎನ್ನಲಿಲ್ಲ. ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, ಅಳು ಮಗಳೇ, ಅಳು ಎಂದೆ.